ಹಿಂದಿನ ಸೀಟು

ತೆರಕಣಾಂಬಿಯ ದೊಡ್ಡಬೀದಿಯಲ್ಲಿ, ಆ ಹಳೇ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ತನ್ನ ಅಪ್ಪನನ್ನು ಕೂರಿಸಿಕೊಂಡು ಒಂದೇ ಒಂದು ಸಲ ನಿಧಾನವಾಗಿ ಹೋಗಬೇಕು ಎನ್ನುವುದು ಶಿವಮಲ್ಲುವಿನ ಆಸೆಯಾಗಿತ್ತು. ಆಸೆ ಅಂದರೆ ಕಡಿಮೆಯಾಯಿತು, ಹಠ ಅನ್ನಬೇಕು. ಚಾಮರಾಜನಗರದ ಕರೆಂಟ್ ಆಫೀಸಿನಲ್ಲಿ ಕೆಲಸ, ಹರದನಹಳ್ಳಿಯಲ್ಲಿ ಸ್ವಂತ ಮನೆ ಇರುವ ಮನುಷ್ಯ ನೆಮ್ಮದಿಯಾಗಿ ಒಂದು ಹೊಸ ಕಾರು ಕೊಂಡು ಓಡಾಡಿಕೊಂಡಿರಬಹುದಿತ್ತು. ಹೆಂಡತಿ ಸುಧಾಮಣಿ ಹಾಗೇ ಹೇಳಿದಳು. ಯಾರ ಮಾತನ್ನಾದರೂ ಕೇಳುವ ಆಸಾಮಿಯೇ ಅವನು?

ಆ ಕಾರು ಒಂದು ಕಾಲಕ್ಕೆ ತೆರಕಣಾಂಬಿಯ ಸಾಹುಕಾರ್ ಪುಟ್ಟಬಸಪ್ಪನವರದು. ಶಿವಮಲ್ಲುವಿನ ಅಪ್ಪ ಚಿಕ್ಕಬೀರಯ್ಯ ಸಣ್ಣವನಿದ್ದಾಗಿನಿಂದ ಅವರ ಮನೆಯಲ್ಲಿ ಜೀತಕ್ಕಿದ್ದ. ಸಾಹುಕಾರರು ಏಳುವುದಕ್ಕೆ ಮುಂಚೆ ಕಾರು ತೊಳೆದು ಒರೆಸಿ ನಿಲ್ಲಿಸುವುದು ಅವನ ಕೆಲಸ. ಒಳಗೆ ಕೂರುವ ಮಾತೇ ಇರಲಿಲ್ಲ. ಒಂದು ದಿನ ಜೋರು ಮಳೆಯಲ್ಲಿ ತಲೆಯ ಮೇಲೆ ಮೂಟೆ ಹೊತ್ತು ಬರುತ್ತಿದ್ದವನನ್ನು ಕಂಡು ಡ್ರೈವರ್ ಹುಚ್ಚಯ್ಯ ಮನಸ್ಸು ತಡೆಯದೆ ಹಿಂದಿನ ಸೀಟಿಗೆ ಹತ್ತಿಸಿಕೊಂಡ. ಅದು ಸಾಹುಕಾರರ ಕಿವಿಗೆ ಬಿತ್ತು. ಬೀದಿಯ ಜನರೆಲ್ಲ ನೋಡುತ್ತಿರುವಾಗ, ಕೂತವನ ಕೈಯಲ್ಲೇ ಆ ಸೀಟನ್ನು ತೊಳೆಸಿದರು.

ವಾರ ಕಳೆಯುವುದರೊಳಗೆ ಚಿಕ್ಕಬೀರಯ್ಯ ಹೆಂಡತಿ ಈರಮ್ಮನನ್ನು ಕರೆದುಕೊಂಡು ಅವಳ ತವರು ಹರದನಹಳ್ಳಿಗೆ ಬಂದುಬಿಟ್ಟ. ರಸ್ತೆ ಕೆಲಸದ ಗ್ಯಾಂಗಿಗೆ ಸೇರಿದ, ನೌಕರಿ ಕಾಯಂ ಆಯಿತು, ವಯಸ್ಸಾದ ಮೇಲೆ ಪಿಂಚಣಿಯೂ ಬಂತು. ಆಮೇಲೆ ಅವನು ಯಾರ ಮುಂದೆಯೂ ಬೆನ್ನು ಬಗ್ಗಿಸಿದ್ದನ್ನು ಕಂಡವರಿಲ್ಲ. ಇಂಜಿನಿಯರ್ ಜೀಪಿನಿಂದ ಇಳಿದರೂ ಹಾರೆ ಊರಿಕೊಂಡು ನೆಟ್ಟಗೆ ನಿಂತೇ ಮಾತಾಡುತ್ತಿದ್ದ. ಸೀಟಿನ ವಿಷಯ ಅವನ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಅದನ್ನು ಹೇಳಿದವಳು ಅವ್ವ, ಅದೂ ಸಾಯುವ ಮುಂಚೆ ಆಸ್ಪತ್ರೆಯಲ್ಲಿ. ಕೇಳಿದ ದಿನದಿಂದ ಶಿವಮಲ್ಲುವಿನ ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು.

ಸಾಹುಕಾರರ ಮಗ ಪುಟ್ಟರಾಜು ಒಳ್ಳೆಯ ಮನುಷ್ಯ. ಹಳೆಯ ಕಥೆ ಅವನಿಗೆ ಗೊತ್ತಿತ್ತೋ ಇಲ್ಲವೋ, ಅರಿಸಿನ ಬೇಯಿಸುವ ಕೊಟ್ಟಿಗೆಯ ಹಿಂದೆ ಬಿದ್ದು ಕೋಳಿಗಳ ಸಂಸಾರಕ್ಕೆ ಆಸರೆಯಾಗಿದ್ದ ಕಾರನ್ನು ಕೊಸರಾಡದೆ ಕೊಟ್ಟ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ದಿನ ಚಿಕ್ಕಬೀರಯ್ಯ ಅದನ್ನು ಸುತ್ತು ಹಾಕಿ ನೋಡಿ, ಟೈರಿಗೆ ಕಾಲಲ್ಲೊಂದು ಒದ್ದ.

“ಈ ಗುಜರಿನ ಯಾಕ್ಲಾ ತಂದೆ? ಕೋಳಿ ಸಾಕಕಾ?”

“ಸುಮ್ನೆ ನೋಡ್ತಿರು ಅಪ್ಪ, ಏನ್ ಮಾಡ್ತೀನಿ ಅಂತ” ಎಂದ ಶಿವಮಲ್ಲು.

ಮನೆ ಪಕ್ಕ ತಗಡಿನ ಷೆಡ್ಡು ಎದ್ದಿತು. ತುಕ್ಕು ಕೆರೆದದ್ದು, ತಗಡು ಬೆಸೆದದ್ದು, ಎಂಜಿನ್ ಬಿಚ್ಚಿ ಕಟ್ಟಿದ್ದು, ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯಿತು. ಅಷ್ಟು ದಿನವೂ ಅಪ್ಪ ಕಾಫಿ ಲೋಟವನ್ನು ಬಾನೆಟ್ಟಿನ ಮೇಲಿಡುತ್ತಿದ್ದ, ಒದ್ದೆ ಟವಲನ್ನು ಬಾಗಿಲಿನ ಮೇಲೆ ಹರವುತ್ತಿದ್ದ. ಅದನ್ನು ಕಂಡು ಮಗನಿಗೆ ಒಳಗೊಳಗೇ ಖುಷಿ.

ಗ್ರಹಚಾರ ಶುರುವಾದದ್ದು ಬಣ್ಣದಿಂದ. ಗುಂಡ್ಲುಪೇಟೆಯ ಪೇಂಟರ್ ಶಶಿಕುಮಾರ ಬಂದು, ಆಮೇಲೆ ಯಾವಾಗಲೋ ಮೇಲೆ ಬಳಿದಿದ್ದ ಬಿಳಿ ಬಣ್ಣ ನೋಡಿ, “ಬಿಳೀನೇ ಒಡ್ದುಬುಡನ ಅಣ್ಣ, ಸಲೀಸಾಯ್ತದೆ” ಅಂದ. ಶಿವಮಲ್ಲು ಒಪ್ಪಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನಿಗೆ ಸಾಹುಕಾರರ ಕಾಲದ ಬಣ್ಣವೇ ಬೇಕು. ಡ್ಯಾಷ್‌ಬೋರ್ಡಿನ ಒಳಬದಿಯಲ್ಲಿ ಕೆರೆದಾಗ ಅದು ಸಿಕ್ಕಿತು: ವೀಳ್ಯದೆಲೆಯ ಬೆನ್ನಿನಂಥ ಎಳೆ ಹಸಿರು. ಅದನ್ನು ಕಲಸಿ ಕಲಸಿ ಸರಿಹೊಂದಿಸುವಷ್ಟರಲ್ಲಿ ಶಶಿಕುಮಾರನಿಗೆ ಸಾಕುಬೇಕಾಯಿತು. ಮೊದಲನೇ ಸಲ ಹೊಡೆದಾಗ ಜಡಿಮಳೆಯ ಥಂಡಿಗೆ ಬಣ್ಣದ ಮೇಲೆ ಬೂದಿ ಉದುರಿದ ಹಾಗೆ ಮಬ್ಬು ಕೂತಿತು. ಉಜ್ಜಿ ತೆಗೆದರು. ಎರಡನೇ ಸಲ ಕಂಪ್ರೆಸರಿನ ಗಾಳಿಯಲ್ಲಿ ನೀರು ಸೇರಿ ಮೈತುಂಬ ಗುಳ್ಳೆ ಎದ್ದಿತು. ಮತ್ತೆ ಉಜ್ಜಿ ತೆಗೆದರು. ಶಿವಮಲ್ಲುವಿನ ಉಗುರಿನ ಸಂದಿಯ ಹಸಿರು ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ.

ಮೂರನೇ ಸಲ ಬಣ್ಣ ಕೂತಿತು. ಸಂಜೆ ಬಿಸಿಲಿಗೆ ಕಾರು ಜೀವ ಬಂದಂತೆ ನಿಂತಿತ್ತು. ಹೋಟೆಲಿನಲ್ಲಿ ಕಾಫಿ ಕುಡಿದು ಬಂದ ಚಿಕ್ಕಬೀರಯ್ಯ ಷೆಡ್ಡಿನ ಬಾಗಿಲಲ್ಲಿ ತಟ್ಟನೆ ನಿಂತ. ಚಪ್ಪಲಿಯನ್ನು ಹೊರಗೇ ಬಿಟ್ಟ. ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡು ಒಂದು ಮೂಲೆಗೆ ಸರಿದು ನೋಡತೊಡಗಿದ.

“ಅದೇ ಬಣ್ಣ ಅಲ್ವಾ ಅಪ್ಪ?”

“ಅದೇಯ” ಎಂದ ಅಪ್ಪ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಮಗ ಕೇಳಿರಲಿಲ್ಲ. ಶಿವಮಲ್ಲು ಹಿಗ್ಗಿಹೋದ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸುಧಾಮಣಿ ಹಿಗ್ಗಲಿಲ್ಲ.

ಮಾರನೇ ದಿನ ಎದ್ದು ನೋಡಿದರೆ ಹಿಂದಿನ ಬಾಗಿಲಿನ ಬಣ್ಣ ಹಾಳಾಗಿತ್ತು. ಇನ್ನೂ ಹಸಿಯಾಗಿದ್ದ ಬಣ್ಣದ ಮೇಲೆ ಉದ್ದುದ್ದ ಗೆರೆಗಳು, ಗೆರೆಗಳಲ್ಲಿ ಬಟ್ಟೆಯ ನೂಲು. ಯಾರೋ ಕಣ್ಣು ಕಿಸುರಿನವರ ಕೆಲಸ ಎಂದುಕೊಂಡ ಶಿವಮಲ್ಲು. ಆ ಬಾಗಿಲನ್ನು ಉಜ್ಜಿ ಮತ್ತೆ ಹೊಡೆಸಿದ; ಈ ಸಲ ಬಾನೆಟ್ಟೂ ಹೋಯಿತು, ಟಾಪೂ ಹೋಯಿತು. ಷೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ನಡುಮನೆಯ ಮೊಳೆಗೆ ನೇತುಹಾಕಿದ. ಆದರೂ ಮತ್ತೆ ಅದೇ ಗೆರೆ. ಬೀಗ ಮುರಿದಿರಲಿಲ್ಲ. ಅಕ್ಕಪಕ್ಕದವರನ್ನು ಮಾತಾಡಿಸುವುದು ಬಿಟ್ಟ, ಆಫೀಸಿನಲ್ಲಿ ಸಿಡುಕಾಡಿದ, ಕಾರು ಕೊಟ್ಟ ಪುಟ್ಟರಾಜುವಿನ ಮೇಲೂ ಅನುಮಾನಪಟ್ಟ.

ಶಶಿಕುಮಾರ ಬೆರಳಿನಿಂದ ಗೆರೆ ಸವರಿ ನೋಡುತ್ತ, “ಅಣ್ಣ, ಇದು ಹಗೆಯವ್ರ ಕೆಲ್ಸ ಅಲ್ಲ ಕಣಣ್ಣ” ಎಂದ. “ಹಗೆ ಇದ್ದೋನು ಮೊಳೆ ತಕ್ಕಂಡು ಗೀಚ್ತನೆ. ಇವ್ನು ಯಾರೋ ಮೇಲಿಂದ ಕೆಳಗಂಟ ನೀಟಾಗಿ ಒರ್ಸವ್ನೆ. ಒಂದು ಮೂಲೆನೂ ಬುಟ್ಟಿಲ್ಲ.”

ಯಾರು ಎಂದು ಆಗಲೇ ಶಿವಮಲ್ಲುವಿಗೆ ಗೊತ್ತಾಗಿರಬೇಕು. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಮಾರನೇ ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಎದ್ದು ಷೆಡ್ಡಿನ ಕಡೆ ಹೋದ. ಬಾಗಿಲು ತೆರೆದಿತ್ತು. ಅಪ್ಪ ಬರಿಮೈಯಲ್ಲಿದ್ದ. ಯಾವಾಗಲೂ ಹೆಗಲ ಮೇಲಿರುತ್ತಿದ್ದ ಟವಲು ಸೊಂಟಕ್ಕೆ ಬಂದಿತ್ತು. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಒದ್ದೆ ಬಟ್ಟೆ. ನೆಟ್ಟಗೆ ನಿಲ್ಲುತ್ತಿದ್ದ ಆ ಬೆನ್ನು ಬಾಗಿ, ಕಾರಿನ ಸುತ್ತ ಸರಸರ ಓಡಾಡುತ್ತಿತ್ತು.

“ಅಪ್ಪ, ಏನ್ ಮಾಡ್ತಿದ್ದೀಯ?”

ಚಿಕ್ಕಬೀರಯ್ಯ ತಿರುಗಿಯೂ ನೋಡಲಿಲ್ಲ. “ತಡಾಗೋಯ್ತು ಕಣ” ಎಂದ. “ಬುದ್ಯೋರು ಎದ್ದೇಳೊ ಹೊತ್ತಾಯ್ತು.”

ಬುದ್ಯೋರು ಅಂದರೆ ಧಣಿ, ಸಾಹುಕಾರ್ ಪುಟ್ಟಬಸಪ್ಪ; ಅವರು ಸತ್ತು ಯಾವ ಕಾಲವಾಯಿತೋ. ಶಿವಮಲ್ಲು ಅಲ್ಲೇ ಗೋಡೆ ಹಿಡಿದು ನಿಂತ. ಅವನಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ತಿಂಡಿ ಹೊತ್ತಿಗೆ ಅದೇ ಅಪ್ಪ ಕಾಲು ಮೇಲೆ ಕಾಲು ಹಾಕಿ ಕೂತು ದೋಸೆ ತಿನ್ನುತ್ತಿದ್ದ. ಕೇಳಿದ್ದಕ್ಕೆ, “ನಾನ್ಯಾಕ್ಲಾ ತೊಳೀಲಿ ನಿನ್ನ ಕಾರ? ನಾನೇನು ಯಾರ ಮನೆ ಆಳಾ?” ಎಂದು ದಬಾಯಿಸಿದ. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು.

ಆ ದಿನ ಸುಧಾಮಣಿ ಗಂಡನನ್ನು ಹಿತ್ತಲಿಗೆ ಕರೆದಳು. “ನಂಗೆ ಮೊದಲ್ನೇ ದಿನವೇ ಗೊತ್ತಿತ್ತು. ಮಾವನ ಟವಲಲ್ಲಿ ಹಸಿರು ಮೆತ್ಕೊಂಡಿತ್ತು. ನಿಮಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ತುಕ್ಕು ಹಿಡ್ದಿದ್ದಾಗ ಚೆನ್ನಾಗಿದ್ರು ಅವ್ರು. ನೀವು ಬಣ್ಣ ಹಚ್ಚಿದ್ಮೇಲೆ ಹಿಂಗಾಗಿರೋದು. ಮಾರ್ಬುಡಿ ಅದನ್ನ.”

“ಒಂದ್ಸಲ ಕೂತ್ರೆ ಎಲ್ಲ ಸರಿಹೋಯ್ತದೆ” ಎಂದ ಶಿವಮಲ್ಲು. “ಆ ಸೀಟಲ್ಲಿ ಒಂದ್ಸಲ ಕೂತ್ಬುಟ್ರೆ ಅಪ್ಪನ ಮನಸ್ಸಲ್ಲಿರೋದೆಲ್ಲ ಕಳಚ್ಕೊಂಡು ಬಿದ್ದೋಯ್ತದೆ. ನಂಗೊತ್ತು.”

ಅವನಿಗೇನೂ ಗೊತ್ತಿರಲಿಲ್ಲ. ಆದರೆ ಹಠಕ್ಕೆ ಬಿದ್ದವನಿಗೆ ಹೇಳುವವರಾರು? ಅಪ್ಪನ ಕೈಗೆ ಸಿಗದಂತೆ ಕಾರನ್ನು ಗುಂಡ್ಲುಪೇಟೆಗೆ, ಶಶಿಕುಮಾರನ ಷೆಡ್ಡಿಗೇ ಸಾಗಿಸಿದ. ಅಲ್ಲಿ ಯಾವ ವಿಘ್ನವೂ ಇಲ್ಲದೆ ಬಣ್ಣ ಒಣಗಿತು, ಹೊಳಪು ಬಂತು, ಹಿಂದಿನ ಸೀಟಿಗೆ ಮೊದಲಿದ್ದಂಥದೇ ಕೆಂಪು ರೆಕ್ಸಿನ್ ಹೊದಿಸಿದರು. ಕೆಲಸ ಇಷ್ಟು ಸಲೀಸಾಗಿ ಮುಗಿದದ್ದು ಯಾಕೋ ಸುಧಾಮಣಿಗೆ ಸರಿಬರಲಿಲ್ಲ.

ಸಣ್ಣ ಕೆಲಸವಿದೆ ಬಾ ಎಂದು ಶಿವಮಲ್ಲು ಅಪ್ಪನನ್ನು ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಚಿಕ್ಕಬೀರಯ್ಯ ರಾಜನ ಹಾಗಿದ್ದ. ಕಿಟಕಿ ಪಕ್ಕದ ಸೀಟು ಹಿಡಿದ, ಕಡಲೆಕಾಯಿ ಕೊಂಡ, ಎದುರಿನ ಸೀಟಿಗೆ ಕಾಲು ಕೊಟ್ಟಿದ್ದ ಕಾಲೇಜು ಹುಡುಗನಿಗೆ ಗದರಿ ಕಾಲು ತೆಗೆಸಿದ. “ಈ ಮೋರಿ ನಮ್ಮ ಗ್ಯಾಂಗೇ ಕಣ್ಲಾ ಕಟ್ಟಿದ್ದು. ಇವತ್ತಿಗೂ ಒಂದು ಕಲ್ಲು ಅಲ್ಲಾಡಿಲ್ಲ ನೋಡು” ಎಂದು ದಾರಿಯುದ್ದಕ್ಕೂ ತೋರಿಸಿದ. ಶಿವಮಲ್ಲುವಿಗೆ ಧೈರ್ಯ ಬಂತು. ಪುಟ್ಟರಾಜುವಿಗೆ ಫೋನ್ ಮಾಡಿ, ವಾಪಸ್ಸು ಬರುವಾಗ ನಿಮ್ಮ ಮನೆ ಮುಂದೆಯೇ ಬರುತ್ತೇವೆ, ಅಪ್ಪನೂ ಇರುತ್ತಾರೆ ಎಂದ.

ಶಶಿಕುಮಾರನ ಷೆಡ್ಡಿನ ಬಾಗಿಲಿಗೆ ಬರುತ್ತಲೇ ಚಿಕ್ಕಬೀರಯ್ಯನ ನಡಿಗೆ ಬದಲಾಯಿತು. ಎಳೆ ಹಸಿರು ಕಾರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅವನು ಚಪ್ಪಲಿ ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಹೆಗಲ ಟವಲನ್ನು ತೆಗೆದು ಸೊಂಟಕ್ಕೆ ಕಟ್ಟಿದ. ಶಶಿಕುಮಾರ ನೋಡಲಾರದೆ ಬೇರೆ ಕಡೆ ಮುಖ ತಿರುಗಿಸಿದ.

“ಹತ್ತಪ್ಪ” ಎಂದು ಶಿವಮಲ್ಲು ಹಿಂದಿನ ಬಾಗಿಲು ತೆಗೆದ.

“ನಾ ಬಸ್ಸಲ್ಲಿ ಬತ್ತೀನಿ.”

“ನಿನಗೋಸ್ಕರ ಮಾಡ್ಸಿರೋದು ಇದನ್ನ. ಹತ್ತು.”

“ಕೊಳೆ ಆಯ್ತದೆ. ಬ್ಯಾಡ.”

ಮಗ ತಿಳಿಹೇಳಿದ, ಕೈ ಹಿಡಿದು ಬೇಡಿಕೊಂಡ. ಅಪ್ಪ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಅಷ್ಟು ವರ್ಷದ ಹಠ, ಅಷ್ಟು ಸಲ ಉಜ್ಜಿ ತೆಗೆದ ಬಣ್ಣ, ಎಲ್ಲ ಸೇರಿ ಶಿವಮಲ್ಲುವಿಗೆ ಸಿಟ್ಟು ನೆತ್ತಿಗೇರಿತು.

“ಲೇ, ಹತ್ತು ಅಂದ್ರೆ ಹತ್ಬೇಕು” ಎಂದು ಗುಡುಗಿದ.

ಹೆತ್ತ ಅಪ್ಪನಿಗೆ ಅವನು ಯಾವತ್ತೂ ಲೇ ಅಂದವನಲ್ಲ. ಅಂದ ಕೂಡಲೇ ಚಿಕ್ಕಬೀರಯ್ಯ ತಲೆ ತಗ್ಗಿಸಿ, “ಆಯ್ತು” ಎಂದು ಮರುಮಾತಿಲ್ಲದೆ ಹತ್ತಿದ. ಬಾಗಿಲನ್ನು ಎರಡೂ ಕೈಯಲ್ಲಿ, ಸದ್ದಾಗದಂತೆ ಎಳೆದುಕೊಂಡ.

ಶಿವಮಲ್ಲುವಿಗೆ ನಾಚಿಕೆಯಿಂದ ಮೈಯೆಲ್ಲ ಬೆವರಿತು. ಅಪ್ಪನ ಮುಖ ನೋಡಲಾರದೆ, ಹಿಂದಿನ ಸೀಟು ತೋರಿಸುವ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಕಾರು ಹೊರಡಿಸಿದ. ಬೀದಿ ದಾಟಿದ ಮೇಲೆ ಎಲ್ಲಾದರೂ ನಿಲ್ಲಿಸಿ ಕಾಲು ಹಿಡಿದು ತಪ್ಪಾಯಿತು ಅನ್ನುತ್ತೇನೆ ಎಂದುಕೊಂಡ. ದಾರಿಯಲ್ಲಿ ಏನೇನೋ ಮಾತಾಡಿದ. ಹಿಂದಿನಿಂದ ಉತ್ತರವಿಲ್ಲ. ಸಿಟ್ಟಿರಬೇಕು ಪಾಪ, ಇರಲಿ, ಆದರೆ ಕೂತಿದ್ದಾನಲ್ಲ, ಕೊನೆಗೂ ಕೂತಿದ್ದಾನಲ್ಲ ಎಂದು ಅವನಿಗೆ ಸಮಾಧಾನ.

ತೆರಕಣಾಂಬಿಯ ದೊಡ್ಡಬೀದಿಯಲ್ಲಿ ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದ. ಗುರುತು ಹಿಡಿದ ಹಳಬರು ಜಗಲಿಯಿಂದ ಎದ್ದು ಬಂದರು. ಬಂದವರು ಹಿಂದಿನ ಸೀಟಿನ ಕಡೆ ಕಣ್ಣು ಹಾಯಿಸುತ್ತಿದ್ದರು, ಆಮೇಲೆ ಶಿವಮಲ್ಲುವಿನ ಮುಖವನ್ನು ನೋಡುತ್ತಿದ್ದರು. ಅವನಿಗೆ ಎದೆಯುಬ್ಬಿ ಬರುತ್ತಿತ್ತು. ಸಾಹುಕಾರರ ಮನೆ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದ.

ಪುಟ್ಟರಾಜು ಜಗಲಿಯಿಂದ ಇಳಿದು ಬಂದು ಬಾನೆಟ್ ಸವರಿ, “ನಮ್ಮಪ್ಪಾರ ಕಾಲದಲ್ಲಿದ್ದಂಗೇ ಅದೆಯಲ್ಲ ಶಿವಮಲ್ಲು ಅವ್ರೆ” ಎಂದ. ಆಮೇಲೆ ಒಳಗೆ ಬಗ್ಗಿ ನೋಡಿ ಕೇಳಿದ: “ನಿಮ್ಮ ತಂದೇರೂ ಬತ್ತಾರೆ ಅಂದಿದ್ರಲ್ಲ. ಬರ್ಲಿಲ್ವ?”

ಶಿವಮಲ್ಲು ಗಕ್ಕನೆ ಹಿಂದಕ್ಕೆ ತಿರುಗಿದ. ಕೆಂಪು ಸೀಟು ಉದ್ದಕ್ಕೂ ಖಾಲಿ ಬಿದ್ದಿತ್ತು. ಕೆಳಗೆ, ಕಾಲಿಡುವ ಜಾಗದಲ್ಲಿ, ಚಿಕ್ಕಬೀರಯ್ಯ ಕುಕ್ಕರುಗಾಲಿನಲ್ಲಿ ಮುದುರಿಕೊಂಡಿದ್ದ. ಬೆನ್ನು ಎಲ್ಲಿಯೂ ತಾಗದಂತೆ ಗುಂಡಗೆ ಬಗ್ಗಿಸಿ, ಚಪ್ಪಲಿಯನ್ನು ಎದೆಗೆ ಅವಚಿಕೊಂಡು, ಗುಂಡ್ಲುಪೇಟೆಯಿಂದ ಅಷ್ಟು ದೂರವೂ ಹಾಗೇ ಬಂದಿದ್ದ. ಅವನ ತೊಡೆಗಳು ಗಡಗಡ ನಡುಗುತ್ತಿದ್ದವು. ಪುಟ್ಟರಾಜು ಕಂಡವನೇ ಎರಡು ಹೆಜ್ಜೆ ಹಿಂದಕ್ಕೆ ಹೋದ.

ಚಿಕ್ಕಬೀರಯ್ಯ ಅವನ ಕಡೆ ನೋಡಲೇ ಇಲ್ಲ. ಸ್ಟೀರಿಂಗ್ ಹಿಡಿದು ಕೂತಿದ್ದ ಮಗನ ಮುಖವನ್ನೇ ನೋಡುತ್ತಿದ್ದ.

“ಸೀಟು ಮುಟ್ಟಿಲ್ಲ ಬುದ್ದಿ” ಎಂದ.

ಶಿವಮಲ್ಲು ಅವನನ್ನು ಎಬ್ಬಿಸಲೆಂದು ಕೈ ಚಾಚಿದ. ಆ ಕೈ ತನ್ನ ಕಡೆ ಬರುವುದನ್ನು ಕಂಡು ಅಪ್ಪ ಮುಖಕ್ಕೆ ಮೊಣಕೈ ಅಡ್ಡ ಹಿಡಿದ.