ಒಣದ್ರಾಕ್ಷಿ ವೈನಿನ ಮೂರನೇ ಗ್ಲಾಸು

ಲಕ್ಷ್ಮೀಕಾಂತನಿಗೆ ತನ್ನ ಕೈಯ ಮೇಲೇ ಸಿಟ್ಟು ಬಂದಿತ್ತು. ಊರು ಬಿಟ್ಟು ಬಂದು ಮಾಜಿವಾಡಾದ ಹೋಟೆಲಿನಲ್ಲಿ ಹನ್ನೊಂದು ವರ್ಷ ತಟ್ಟೆ ಎತ್ತಿದ ಮೇಲೆ ವೈನ್ ಬಡಿಸುವ ಹುದ್ದೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಒಣದ್ರಾಕ್ಷಿಯಿಂದ ಮಾಡಿದ ಮೂರು ಸಿಹಿ ವೈನುಗಳನ್ನು ಮೂಸಿ, ಸವಿದು, ಯಾವುದು ಬಿಸಿಲಲ್ಲಿ ಒಣಗಿದ ಹಣ್ಣಿನದು, ಯಾವುದು ನೆರಳಿನದು ಎಂದು ಹೇಳಿದರೆ ಸಾಕು. ವಿಜಯಪುರದ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲೇ ಬೆಳೆದವನಿಗೆ ಅದೇನು ಮಹಾ! ಆದರೆ ಮೊದಲ ಗ್ಲಾಸು ಸಿಕ್ಕಿದ್ದೇ ತಡ, ಈ ಪುಣ್ಯಾತ್ಮ ಹುಟ್ಟಿದಾರಭ್ಯ ನೀರು ಕುಡಿದ ಹಾಗೆ ಕತ್ತು ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಂಡುಬಿಟ್ಟ. ವೈನು ನೇರ ಗಂಟಲಿಗಿಳಿಯಿತು. ಸಿಹಿ ಎನ್ನುವುದು ಬಿಟ್ಟು ಏನೂ ತಿಳಿಯಲಿಲ್ಲ.

"ಏನ್ರೀ ಇದು, ಲೋಕಲ್ ಟ್ರೈನಲ್ಲಿ ಬಾಟ್ಲಿ ನೀರು ಕುಡಿದ ಹಾಗೆ?" ಎಂದರು ಪರೀಕ್ಷೆ ಮಾಡಲು ಕೂತಿದ್ದ ಮ್ಯಾನೇಜರ್ ಗುಂಡಣ್ಣ. ಬೆಂಗಳೂರಿನವರು, ಅರವತ್ತರ ಹತ್ತಿರದವರು.

ಎರಡನೆಯದೂ ಹಾಗೇ ಆಯಿತು. ವಾರವಿಡೀ ದಿವಾ ಊರಿನ ತನ್ನ ಬಾಡಿಗೆ ಖೋಲಿಯಲ್ಲಿ ಲೋಟಕ್ಕೆ ತುಟಿ ಹಚ್ಚಿ ರೂಢಿ ಮಾಡಿಕೊಂಡಿದ್ದ. "ಎಂಜಲ ಲೋಟ ಬ್ಯಾರೆ ಇಡ್ರಿ" ಎಂದು ಹೆಂಡತಿ ಸುಲೋಚನಾಳಿಂದ ಬೈಸಿಕೊಂಡಿದ್ದ. ಎಲ್ಲ ನೀರಲ್ಲಿ ಹೋಮ.

ಮೂರನೆಯದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಮೂಗು ಒಳಗಿಟ್ಟು, ತುಟಿ ಹಚ್ಚಿ ಒಂದು ಗುಟುಕು ಹೀರಿದ. ಆಗ ಬಂತು ನೋಡಿ ರುಚಿ.

"ಇದು ಬಿಸಲಾಗ ಒಣಗಿಸಿದ್ದಲ್ರಿ ಸರ, ನೆರಳಾಗ ಒಣಗಿದ್ದು. ಬಿಸಲಿನ ಹಣ್ಣಿಗಿ ಸುಟ್ಟ ಬೆಲ್ಲದ ವಾಸನಿ ಇರ್ತದ. ಇದಕ್ಕ ಇಲ್ಲ."

ಗುಂಡಣ್ಣ ಹುಬ್ಬು ಗಂಟಿಕ್ಕಿದರು. "ಲಿಸ್ಟಲ್ಲಿ ಬಿಸಿಲಿಂದು ಅಂತಿದೆಯಲ್ರೀ. ಬಾಟ್ಲಿ ಅದಲುಬದಲಾಗಿದ್ರೂ ಆಗಿರಬಹುದು." ಬಾಟಲಿ ಬಗ್ಗಿಸಿ ನೋಡಿದರು, ಖಾಲಿ. "ನಿಮ್ಮ ಗ್ಲಾಸಲ್ಲಿ ಇನ್ನೊಂದು ಗುಟುಕು ಇದೆಯಲ್ಲ, ಕೊಡಿ, ನಾನೇ ನೋಡ್ತೀನಿ. ನೀವು ಹೇಳಿದ್ದು ನಿಜವಾದ್ರೆ, ಮೊದಲೆರಡು ತಪ್ಪಿದ್ರೂ ಕೆಲಸ ನಿಮ್ಮದೇ."

ಲಕ್ಷ್ಮೀಕಾಂತ ಗ್ಲಾಸನ್ನು ಎದೆಗೆ ಎಳೆದುಕೊಂಡ. "ಎಂಜಲ ಅದರಿ ಸರ."

"ಪರವಾಗಿಲ್ಲ, ಕೊಡಿ."

ಅಪ್ಪನ ವಯಸ್ಸಿನವರ ಬಾಯಿಗೆ ತನ್ನ ಎಂಜಲು ಕೊಡುವುದೇ? ಕೊಟ್ಟುಬಿಡೋ ಮೂರ್ಖಾ, ಎಂದು ಮನಸ್ಸು ಗೋಗರೆಯಿತು. ಕೈ ಕೇಳಲಿಲ್ಲ. ಗುಂಡಣ್ಣನವರ ಬೆರಳು ಗ್ಲಾಸಿಗೆ ತಾಗುವಷ್ಟರಲ್ಲಿ ಉಳಿದಿದ್ದನ್ನು ತಾನೇ ಕುಡಿದುಬಿಟ್ಟ.

ಗುಂಡಣ್ಣ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಲಿಸ್ಟಿನ ಪ್ರಕಾರ ತಪ್ಪು ಎಂದು ಗೀಟು ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದರು.

ಲಕ್ಷ್ಮೀಕಾಂತನ ನಾಲಿಗೆಯ ಮೇಲೆ ರುಚಿ ಇನ್ನೂ ನಿಂತಿತ್ತು. ನೆರಳಿನ ದ್ರಾಕ್ಷಿಯೇ, ಸಂಶಯವಿಲ್ಲ.