ನೊರೆ ಬಿಟ್ಟ ಬಸವಣ್ಣ

ನನ್ನ ಕೈಯ ಸಾಬೂನಿಗೆ ಕೊಂಕು ತೆಗೆಯುವವರು ಕಮಲಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಹೀಗಂದರೆ ನಮ್ಮ ಕರೆಮ್ಮ, ಅಂದರೆ ನನ್ನ ಮೈದುನನ ಹೆಂಡತಿ, "ದುರುಗಕ್ಕನ ಜಂಬ ನೋಡ್ರಿ" ಎನ್ನುತ್ತಾಳೆ. ಹೌದು, ಜಂಬವೇ. ಮಹಿಳಾ ಸಂಘದ ಸಾಬೂನು ತರಬೇತಿಗೆಂದು ಹೊಸಪೇಟೆಗೆ ಹೋದ ಹೆಂಗಸರೆಲ್ಲ ಕಾಸ್ಟಿಕ್ ಸೋಡಾದ ಘಾಟಿಗೆ ಹೆದರಿ ಅರ್ಧಕ್ಕೇ ಬಿಟ್ಟು ಬಂದರು. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ನಿಂತು ಕಲಿತೆ.

ಈ ಸಲದ ದೀಪಾವಳಿಗೆ ಕಂಪ್ಲಿಯ ಅಕ್ಕಿ ಗಿರಣಿ ಯಜಮಾನರ ಹೆಂಡತಿ ಮರುಳಸಿದ್ದಮ್ಮನವರು ನನಗೆ ದೊಡ್ಡ ಕೆಲಸ ಒಪ್ಪಿಸಿದರು. ಪ್ರತಿವರ್ಷ ಗಿರಣಿಯಲ್ಲಿ ದುಡಿಯುವವರಿಗೆ ಬೇಕರಿಯ ಸ್ವೀಟ್ ಬಾಕ್ಸ್ ಹಂಚುತ್ತಿದ್ದರು. "ಈ ಸಲ ಮನಿಗೊಂದು ನಿನ್ನ ಸಾಬೂನು, ದುರುಗವ್ವ. ನರಕ ಚತುರ್ದಶಿ ದಿನ ಎಣ್ಣಿ ಹಚ್ಚಿಕೊಂಡು ಎಲ್ಲಾರೂ ಅದರಾಗ ಜಳಕ ಮಾಡಬೇಕು. ನೋಡಾಕ ಚಂದ ಇರಲಿ, ಆಕಾರ ನಿನಗ ಬಿಟ್ಟೀನಿ" ಎಂದರು. ನಾನು ಸುಮ್ಮನಿರುತ್ತೇನೆಯೇ? ಊರೆಲ್ಲ ಹೇಳಿಕೊಂಡು ಬಂದೆ.

"ಸಾಬೂನ ಉಡುಗೊರೆ ಕೊಟ್ರ, ನಿಮ್ಮ ಮೈ ನಾರತೈತಿ ಅಂದಂಗ ಆಗಾದಿಲ್ಲೇನಕ್ಕ?" ಎಂದಳು ಕರೆಮ್ಮ.

"ನೋಡ್ತಿರು. ಹಬ್ಬದ ದಿನ ಆ ಮಂದಿ ನನ್ನ ಸಾಬೂನ ಹಚ್ಚಿಕೊಳ್ಳಲಿಲ್ಲಂದ್ರ ಮತ್ತ ಈ ಬೋಗಣಿ ಒಲಿಮ್ಯಾಲೆ ಇಡಾದಿಲ್ಲ" ಎಂದುಬಿಟ್ಟೆ. ಬಾಯಿ ಜಾರಿದ ಮಾತಾದರೂ ನಾನು ಆಡಿದ ಮೇಲೆ ಆಡಿದ್ದೇ.

ಹಂಪಿ ಬಜಾರಿನಿಂದ ಅಂಗೈಯಗಲದ ಕಲ್ಲಿನ ಬಸವಣ್ಣನನ್ನು ತಂದು, ರಬ್ಬರ್ ದ್ರಾವಣ ಸುರಿದು ಅಚ್ಚು ತೆಗೆದೆ. ಅವರದು ಶಿವಭಕ್ತರ ಮನೆ, ಬಸವಣ್ಣನಿಗಿಂತ ಒಪ್ಪುವುದು ಇನ್ನೇನು? ಕೊಬ್ಬರಿ ಎಣ್ಣೆ, ಔಡಲೆಣ್ಣೆ ಹಾಕಿ, ಕಲ್ಲಿನ ಬಣ್ಣ ಬರಲೆಂದು ತೆಂಗಿನ ಚಿಪ್ಪಿನ ಇದ್ದಿಲನ್ನು ಅರೆದು ಬೆರೆಸಿದೆ. ನೆರಳಲ್ಲಿ ಒಣಗಿ ಎದ್ದ ಬಸವಣ್ಣಗಳು ಗೆಜ್ಜೆ, ಗೊರಸು, ಕೊರಳ ಸರದ ಸಮೇತ ಕಪ್ಪಗೆ ಮಿಂಚಿದವು. ನನ್ನ ಕೈಗೆ ನಾನೇ ಮುತ್ತು ಕೊಟ್ಟುಕೊಂಡೆ.

ಒಂದನ್ನು ತೋರಿಸಲು ಕಂಪ್ಲಿಗೆ ಒಯ್ದೆ. ಮರುಳಸಿದ್ದಮ್ಮನವರು ಮನೆಯಲ್ಲಿರಲಿಲ್ಲ. ಗಿರಣಿಯಲ್ಲಿ ತೌಡು ಸಾಣಿಸಿ, ಅವರ ಮನೆಗೆಲಸವನ್ನೂ ಮಾಡುವ ಭರಮಮ್ಮ ಬಾಗಿಲಲ್ಲಿದ್ದಳು. "ಕಮಲಾಪುರದ ದುರುಗವ್ವ ಕೊಟ್ಲು ಅಂತ ಹೇಳು" ಎಂದು ಅವಳ ಕೈಗಿತ್ತು, ಬಸ್ಸಿಗೆ ಹೊತ್ತಾಯಿತೆಂದು ಹೊರಟು ಬಂದೆ. ಸಾಬೂನೆಂದು ಬಾಯಿಬಿಟ್ಟು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಫೋನು ಬಂತು.

"ದುರುಗವ್ವ, ನೀ ಕೊಟ್ಟ ಬಸವಣ್ಣ ನೊರಿ ಬಿಡಾಕತ್ತಾನಲ್ಲ" ಎಂದರು ಮರುಳಸಿದ್ದಮ್ಮ.

ಆದದ್ದು ಇಷ್ಟು. ಭರಮಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಿದ್ದಳು. ಇವರು ನಾನು ಹಂಪಿಯಿಂದ ತಂದ ಮೂರ್ತಿಯೆಂದುಕೊಂಡು ವಿಭೂತಿ ಹಚ್ಚಿ, ನೀರೆರೆದು, ಮೈ ತಿಕ್ಕಿದ್ದರು. ತಿಕ್ಕಿದಷ್ಟೂ ನೊರೆ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕಲ್ಲೆಂದು ನಂಬಿ ಪೂಜಿಸಿದರೆಂದರೆ ನನ್ನ ಕೆಲಸ ಎಂಥದ್ದು!

"ಅಮ್ಮಾರ, ಅದು ಸಾಬೂನ್ರಿ. ನೀವು ಹೇಳಿದ್ದ ಸಾಬೂನು."

ಅವರು ಮೆಲ್ಲಗೆ ಕೇಳಿದರು: "ಬಸವಣ್ಣನ್ನ ಬಗಲಾಗ ತಿಕ್ಕೊಳ್ಳಾದು ಹೆಂಗವ್ವ?"

ನನ್ನ ಖುಷಿಯೆಲ್ಲ ಇಳಿದುಹೋಯಿತು. ಅವರ ಮಾತು ಖರೆ. ಕಾಲಿಗೆ ತಿಕ್ಕಿಕೊಳ್ಳುವ ವಸ್ತುವಿಗೆ ದೇವರ ರೂಪ ಕೊಟ್ಟಿದ್ದೆ.

"ಗಣಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಿ ನೋಡಕ್ಕ" ಎಂದು ಕರೆಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಬೂನನ್ನು ಹೆರೆದು ಕರಗಿಸಿ ಬೇರೆ ಆಕಾರ ಕೊಡಬಹುದು. ಆದರೆ ಬಸವಣ್ಣನ ಕುತ್ತಿಗೆಗೆ ಚಾಕು ಇಡುವವರು ಯಾರು? ಅವಳು ಹಿಂದೆ ಸರಿದಳು. ನನ್ನ ಕೈಯೂ ಏಳಲಿಲ್ಲ. "ಎಲ್ಲಾ ಒಯ್ದು ಹೊಳಿಗೆ ಬಿಡೋಣು" ಎಂದಳು.

"ತುಂಗಭದ್ರಾಗ ನೊರಿ ಎಬ್ಬಿಸಂತೀಯೇನಲೇ?" ಎಂದು ರೇಗಿದೆ. ರೇಗುವಾಗಲೇ ದಾರಿ ಕಂಡಿತು. ಮಣ್ಣೆತ್ತಿನ ಅಮಾವಾಸ್ಯೆಗೆ ನಾವೇ ಮಾಡಿ ಪೂಜಿಸಿದ ಮಣ್ಣಿನ ಎತ್ತುಗಳನ್ನು ನಾವೇ ನೀರಲ್ಲಿ ಕರಗಿಸುವುದಿಲ್ಲವೇ? ಬಸವಣ್ಣಗಳನ್ನು ಸಾಲಾಗಿ ಇಟ್ಟು, ಊದಿನಕಡ್ಡಿ ಹಚ್ಚಿ ಕೈಮುಗಿದೆ. "ತಪ್ಪಾತಪ್ಪಾ, ಹೊಟ್ಟ್ಯಾಗ ಹಾಕ್ಕೋ" ಎಂದು ಒಂದೊಂದಾಗಿ ಬೋಗಣಿಯ ಬಿಸಿನೀರಿಗೆ ಇಳಿಸಿದೆ. ಚಾಕು ಮುಟ್ಟಲಿಲ್ಲ. ಸಣ್ಣ ಉರಿಯಲ್ಲಿ ಅವು ತಾವಾಗಿಯೇ ಕರಗಿದವು.

ಇನ್ನು ಈ ಕರಿ ಮುದ್ದೆಯಿಂದ ಏನು ಮಾಡುವುದು? ಹೊಳೆಯ ಗುಂಡುಕಲ್ಲು ಮಾಡೋಣವೆಂದೆ. "ಬ್ಯಾಡಕ್ಕ, ಲಿಂಗ ಅಂತ ಅದಕ್ಕೂ ನೀರು ಹಾಕ್ಯಾರು" ಎಂದಳು ಕರೆಮ್ಮ. ಮಧ್ಯಾಹ್ನದ ಅಡಿಗೆಗೆ ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ಅವಳ ಕೈಯಿಂದ ಒಂದನ್ನು ಕಸಿದುಕೊಂಡೆ. ಎಷ್ಟು ಭಕ್ತಿ ಇದ್ದರೂ ಬದನೆಕಾಯಿಗೆ ಯಾರು ಕೈಮುಗಿಯುತ್ತಾರೆ?

ರೊಟ್ಟಿ ಹಿಟ್ಟಿನ ಹದಕ್ಕೆ ಬಂದ ಸಾಬೂನನ್ನು ಅಂಗೈಯಲ್ಲೇ ಉರುಟಿ, ಗುಂಡು ಬದನೆಕಾಯಿ ಮಾಡಿದೆ. ಬೇವಿನ ಪುಡಿ ಬೆರೆಸಿದ ಹಸಿರು ಸಾಬೂನಿನಿಂದ ತೊಟ್ಟು ಕೂಡಿಸಿದೆವು. ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹೊಳಪು ತಂದಳು ಕರೆಮ್ಮ. ಬುಟ್ಟಿ ನೋಡಿದ ಮರುಳಸಿದ್ದಮ್ಮ, "ಎಣ್ಣೆಗಾಯಿ ಮಾಡಿಗೀಡ್ಯಾರು, ಸಾಬೂನಂತ ಹೇಳೇ ಕೊಡ್ತೀನಿ" ಎಂದು ನಕ್ಕರು.

ನರಕ ಚತುರ್ದಶಿಯ ದಿನ ನಮ್ಮ ಮನೆಯ ಆರತಿ ಮುಗಿದದ್ದೇ ತಡ, ನಾನು ಕಂಪ್ಲಿಯ ಬಸ್ಸು ಹತ್ತಿದೆ. ಕರೆಮ್ಮನೂ ಬೆನ್ನಿಗೆ ಬಿದ್ದಳು. ಗಿರಣಿಯ ಸಾಲುಮನೆಗಳಲ್ಲಿ ಮೊದಲನೆಯದರ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ನನ್ನ ಬದನೆಕಾಯಿ ಟಿವಿಯ ಪಕ್ಕದ ಶೋಕೇಸಿನಲ್ಲಿ ಕೂತಿತ್ತು, ತೊಟ್ಟೂ ಮುಕ್ಕಾಗಿರಲಿಲ್ಲ.

"ಇಷ್ಟ್ ಚಂದ ಐತಿ, ಹೆಂಗ ಹಚ್ಚಿಕೊಳ್ಳಾದು? ಮನಸ್ಸಾಗಲಿಲ್ರಿ" ಎಂದಳು ಆ ಮನೆಯ ಸುಂಕಮ್ಮ. ಪಕ್ಕದ ಮನೆಯಲ್ಲೂ ಅದೇ ಕತೆ. ಇನ್ನು ನನ್ನ ಬೋಗಣಿ ಒಲೆಯಿಂದ ಇಳಿದ ಹಾಗೆಯೇ ಎಂದುಕೊಂಡೆ. ಮಾತುಮಾತಿಗೆ ಕೊಂಕಾಡುವ ಕರೆಮ್ಮ ನನ್ನ ಕೈ ಹಿಡಿದುಕೊಂಡಳು. ಅದು ಇನ್ನೂ ಕಷ್ಟವಾಯಿತು.

ಕೊನೆಯ ಮನೆ ಭರಮಮ್ಮನದು. ಅವಳು ಒದ್ದೆ ಕೂದಲು ಹರವಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಶೋಕೇಸಿನಲ್ಲಿ ಏನಿದೆಯೆಂದು ನಾನು ಇಣುಕುವ ಮೊದಲೇ ತನ್ನ ಮುಂಗೈಯನ್ನು ನನ್ನ ಮೂಗಿಗೆ ಹಿಡಿದಳು.

"ಮೂಸಿ ನೋಡ್ರಿ. ವರ್ಷೆಲ್ಲಾ ತೌಡಿನ ಧೂಳಿಗೆ ಮೈ ಕೆರಕೊಂಡು ಸಾಯ್ತಿದ್ದೆ. ಈಗ ಕೆರತ ಇಲ್ಲ. ಹಬ್ಬದ ತನಕ ತಡೀಲಿಲ್ರಿ, ಕೊಟ್ಟ ದಿನದಿಂದ ಇವತ್ತಿನ ತನಕ ಮಕ್ಳು, ಗಂಡ, ಅತ್ತಿ, ಎಲ್ಲಾರೂ ಹಚ್ಚಿಕೊಂಡ್ವಿ. ಬೈಬ್ಯಾಡ್ರಿ, ಬದ್ನಿಕಾಯಿ ಪೂರಾ ತೀರಿ ಹೋತು."

ಬಚ್ಚಲಿನಿಂದ ಉಳಿದ ಚೂರನ್ನು ತಂದು ತೋರಿಸಿದಳು. ತೊಟ್ಟಿಲ್ಲ, ಹೊಳಪಿಲ್ಲ, ಹುಣಸೆ ಬೀಜದಷ್ಟು ಕರಿ ಸಾಬೂನು. ನಾನು ಮಾಡಿದ್ದರಲ್ಲಿ ಅದಕ್ಕಿಂತ ಚಂದದ್ದನ್ನು ಇವತ್ತಿನವರೆಗೂ ಕಂಡಿಲ್ಲ.