ಥೆಲ್ಮಾ ಒಲ್ಲದ ಹಳದಿ

ನಮ್ಮ ಟೂವೂಂಬಾ ಊರಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಚಳಿ ಕಳೆದು ವಸಂತ, ಹೂವಿನ ಹಬ್ಬ. ಆ ತಿಂಗಳು ಬೇಲಿಯ ಮೇಲಿಂದ ಪಕ್ಕದವರ ತೋಟಕ್ಕೆ ಇಣುಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪಕ್ಕದ ಮನೆಯ ಥೆಲ್ಮಾ ಇರುವ ತನಕ ಅವಳ ಮುಂದಿನ ಪಾತಿಯಲ್ಲಿ ಗುಲಾಬಿ ಬಣ್ಣ, ತಿಳಿನೇರಳೆ, ನೀಲಿ, ಬಿಳಿ, ಇಷ್ಟೇ. ಬೀಜದ ಪೊಟ್ಟಣದಲ್ಲಿ ತಪ್ಪಿ ಹಳದಿಯ ಗಿಡವೊಂದು ಬಂದರೆ ಮೊಗ್ಗಿನಲ್ಲೇ ಕಿತ್ತೆಸೆಯುತ್ತಿದ್ದಳು. ಒಮ್ಮೆ ಏಕೆಂದು ಕೇಳಿದ್ದೆ. "ನಂಗಾಗಲ್ಲ ಡೋರೀನ್, ಅಷ್ಟೇ" ಅಂದು ಒಳಗೆ ಹೋದಳು.

ಅವಳು ತೀರಿಕೊಂಡ ಮೇಲೆ ಗಂಡ ಆಲ್ವಿನ್‌ಗೆ ಮರೆವು ಜಾಸ್ತಿಯಾಯಿತು. ನೋಡಿಕೊಳ್ಳಲು ಮಗ ಗ್ರಾಂಟ್, ಸೊಸೆ ಕೋರಲಿ ಬಂದು ಆ ಮನೆಯಲ್ಲೇ ನೆಲೆಸಿದರು. ಕೋರಲಿಗೆ ಬಣ್ಣಗಳ ಹೊಂದಾಣಿಕೆ ಚೆನ್ನಾಗಿ ತಿಳಿಯುತ್ತಿತ್ತು. ಅತ್ತೆಯ ಪಾತಿ ಅವಳಿಗೆ ಒಗೆದು ಒಗೆದು ಮಾಸಿದ ಪರದೆಯಂತೆ ಕಂಡಿತು.

"ನೀಲಿ ಪಕ್ಕ ಒಂಚೂರು ಹಳದಿ ಬಿದ್ರೆ ಎರಡೂ ಎದ್ದು ಕಾಣ್ತವೆ ನೋಡು ಡೋರೀನ್" ಎಂದು ಆ ಚಳಿಗಾಲಕ್ಕೆ ಮುಂಚೆಯೇ ಹಳದಿ ಪ್ಯಾನ್ಸಿ, ಹಳದಿ ಪಾಪಿ ಹೂಗಿಡ ನೆಟ್ಟಳು.

ಸೆಪ್ಟೆಂಬರಿನಲ್ಲಿ ಹೂ ಅರಳಿತು. ಮಾರನೆಯ ಬೆಳಿಗ್ಗೆ ಹಳದಿ ಹೂಗಳಷ್ಟೇ ಮಾಯ. ಬರೀ ತೊಟ್ಟು ನಿಂತಿತ್ತು.

"ಬಸವನಹುಳು ಕಣೇ" ಅಂದೆ ನಾನು. "ತಟ್ಟೇಲಿ ಬಿಯರ್ ಇಡು. ನನ್ನ ಗಂಡನ ಹಾಗೇನೇ ಅವೂ, ವಾಸನೆ ಹಿಡ್ಕೊಂಡು ಬಂದು ಅದ್ರಲ್ಲೇ ಬಿದ್ದಿರ್ತವೆ."

ಬೆಳಿಗ್ಗೆ ತಟ್ಟೆಯ ತುಂಬ ಬಸವನಹುಳು ಸತ್ತು ಬಿದ್ದಿದ್ದವು. ಆದರೂ ಹಳದಿ ಹೂ ಮತ್ತೆ ಮಾಯ. ಹಾಗಾದರೆ ರಾತ್ರಿ ಗಿಡ ಮೇಯಲು ಬರುವ ಪಾಸಮ್ ಪ್ರಾಣಿ ಇರಬೇಕೆಂದು ಬಲೆ ಹೊದಿಸಿದಳು. ಬೆಳಿಗ್ಗೆ ಬಲೆ ಹರಿದಿರಲಿಲ್ಲ, ಅಂಚು ಮಾತ್ರ ನೀಟಾಗಿ ಮಡಚಿತ್ತು, ಹಳದಿ ಹೂ ಇರಲಿಲ್ಲ. ಗುಲಾಬಿ, ನೇರಳೆ ಹೂಗಳ ಒಂದು ಎಸಳೂ ಉದುರಿರಲಿಲ್ಲ.

"ಹುಳಕ್ಕೆ ಬಣ್ಣ ಆರಿಸೋಕೆ ಬರುತ್ತಾ ಡೋರೀನ್?" ಎಂದಳು. ಬಿಸಿಲಿನಲ್ಲಿ ನಿಂತಿದ್ದರೂ ತೋಳು ಉಜ್ಜಿಕೊಳ್ಳುತ್ತಿದ್ದಳು. ನನಗೂ ನಗು ಬರಲಿಲ್ಲ.

ಮುಂದಿನದು ಕೋರಲಿ ನನಗೆ ಹೇಳಿದ್ದು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಜಗಲಿಗೆ ಬಂದಳಂತೆ. ಪಾತಿಯ ಪಕ್ಕ ಆಲ್ವಿನ್ ಬರಿಗಾಲಲ್ಲಿ ಮಂಡಿಯೂರಿದ್ದ. ಹಳದಿ ಹೂವನ್ನು ಉಗುರಿನಿಂದ ಚಿವುಟಿ ಪೈಜಾಮದ ಜೇಬಿಗೆ ಹಾಕುತ್ತಿದ್ದ. ಪಕ್ಕದಲ್ಲಿ ಯಾರೋ ನಿಂತಿರುವ ಹಾಗೆ ಕತ್ತೆತ್ತಿ ಮಾತಾಡುತ್ತಿದ್ದ.

"ತೆಗೀತಿದ್ದೀನಿ ಕಣೇ, ತೆಗೀತಿದ್ದೀನಿ. ಸ್ವಲ್ಪ ತಡಿ."

ಕೋರಲಿಗೆ ಸಮಾಧಾನವೇ ಆಯಿತಂತೆ, ಕೊನೆಗೂ ಕಳ್ಳ ಸಿಕ್ಕಿದ. "ಮಾವ, ಒಳಗೆ ಬನ್ನಿ, ಇಬ್ಬನಿ ಬೀಳ್ತಿದೆ" ಎಂದು ಇಳಿದು ಹೋದಳು. ಗೂಟದಲ್ಲಿ ತೂಗುತ್ತಿದ್ದ ಥೆಲ್ಮಾಳ ಹಳೆಯ ಕೋಟನ್ನು ಚಳಿಗೆಂದು ಹಾಕಿಕೊಂಡಿದ್ದಳು. ಮುದುಕ ತಿರುಗಿ ನೋಡಿದ. ಅವನ ಮುಖ ಅಳಲು ಹೊರಟ ಮಗುವಿನ ಮುಖದಂತಾಯಿತು.

"ಥೆಲ್ಮಾ, ಅಂಗಡೀಲಿ ಬೇರೆ ಹೂ ಇರ್ಲಿಲ್ಲ ಕಣೇ. ಹಳದಿ ಬಿಟ್ರೆ ಏನೂ ಇರ್ಲಿಲ್ಲ. ನೀನು ಆಸ್ಪತ್ರೇಲಿದ್ದೆ, ನಿನ್ನನ್ನ ಬಿಡ್ಲಿಲ್ಲ ಅವ್ರು. ನಾನೊಬ್ನೇ ನಮ್ಮ ಪುಟ್ಟೀನ ಮಲಗಿಸಿದ್ದ ಪೆಟ್ಟಿಗೆ ಸ್ಮಶಾನಕ್ಕೆ ಹೊತ್ಕೊಂಡ್ ಹೋಗಿ ಅದ್ರ ಮೇಲೆ ಹಳದಿ ಹೂ ಇಟ್ಟೆ. 'ಗುಲಾಬಿ ಬಣ್ಣ ತಾ' ಅಂದಿದ್ದೆ ನೀನು. ನಂಗೆ ಸಿಗ್ಲಿಲ್ಲ. ಇನ್ನೂ ಕೋಪಾನಾ?"

ಕೋರಲಿಗೆ ಹಾಗೊಂದು ಮಗು ಹುಟ್ಟಿ ತೀರಿಕೊಂಡ ವಿಷಯವೇ ಗೊತ್ತಿರಲಿಲ್ಲ. ಗ್ರಾಂಟ್‌ಗೂ ಗೊತ್ತಿರಲಿಲ್ಲ. ನಾನು ಥೆಲ್ಮಾಳ ಜೊತೆ ಅಷ್ಟು ವರ್ಷ ಚಹಾ ಕುಡಿದವಳು, ನನಗೂ ತಿಳಿದಿರಲಿಲ್ಲ.

ಮುದುಕ ಅವಳ ಕೋಟಿನ ಅಂಚು ಹಿಡಿದುಕೊಂಡಿದ್ದ. ಅವಳು ಏನಾದರೂ ಹೇಳುವ ತನಕ ಬಿಡುವ ಹಾಗೆ ಕಾಣಲಿಲ್ಲ.

"ಇಲ್ಲ, ಕೋಪ ಇಲ್ಲ" ಅಂದಳು ಕೋರಲಿ. "ಬಾ, ಟೀ ಮಾಡ್ತೀನಿ."

ಮಾವನನ್ನು ಅವಳು ಎಂದೂ ಏಕವಚನದಲ್ಲಿ ಕರೆದವಳಲ್ಲ. ಆ ದನಿ ತನ್ನದಾಗಿರಲಿಲ್ಲ ಎಂದು ಆಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು. ಥೆಲ್ಮಾಳಂತೆ ಮೂಗಿನಿಂದ ಬಂತಂತೆ.

ಆಲ್ವಿನ್ ಜೇಬಿನಲ್ಲಿದ್ದ ಹೂಗಳನ್ನೆಲ್ಲ ಅವಳ ಬೊಗಸೆಗೆ ಸುರಿದು ಒಳಗೆ ಹೋದ. ಮತ್ತೆ ಹೂ ಚಿವುಟಲಿಲ್ಲ. ನೀಲಿಯ ನಡುವೆ ಹಳದಿ ತುಂಬಿಕೊಂಡಿತು, ನೋಡಲು ಬಂದವರು ನಿಂತು ಹೊಗಳಿದರು. ಗ್ರಾಂಟ್ ಸ್ಮಶಾನದ ಕಚೇರಿಯಲ್ಲಿ ವಿಚಾರಿಸಿ, ಹೆಸರಿಲ್ಲದ ಒಂದು ಪುಟ್ಟ ಸಮಾಧಿಯ ಜಾಗ ಕಂಡುಹಿಡಿದ. ಗಂಡ ಹೆಂಡತಿ ಇಬ್ಬರೂ ಹೋಗಿ ಗುಲಾಬಿ ಬಣ್ಣದ ಹೂ ಇಟ್ಟು ಬಂದರು. ಕ್ರಿಸ್‌ಮಸ್‌ಗೆ ಮುಂಚೆ ಆಲ್ವಿನ್ ನಿದ್ದೆಯಲ್ಲೇ ಹೋದ, ನೆಮ್ಮದಿಯ ಸಾವು.

ನೆಮ್ಮದಿ ಕೆಟ್ಟಿದ್ದು ಕೋರಲಿಗೆ. "ಅತ್ತೆ ಸಾಯೋ ತನಕ ಕ್ಷಮಿಸಿರ್ಲಿಲ್ಲ ಡೋರೀನ್. ಅದು ಅವ್ರ ಕೋಪ. ಅಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದು. ಅವ್ರ ಬದಲು ಕ್ಷಮಿಸಿಬಿಡೋಕೆ ನಾನ್ಯಾರು?"

"ಸತ್ತವ್ರಿಗೆ ಕೋಪ ಏನೇ, ಸುಮ್ನಿರು" ಅಂದೆ. ಹೇಳಿದೆನೇ ಹೊರತು, ಥೆಲ್ಮಾಳನ್ನು ನಾನು ಬಲ್ಲೆ.

ಈಗಲೂ ಕೋರಲಿ ಆ ಪಾತಿಗೆ ಬೆನ್ನು ಹಾಕಿ ಕೆಲಸ ಮಾಡುವುದಿಲ್ಲ. ಮೊನ್ನೆ ಬೆಳಿಗ್ಗೆ ಎಲೆಯಡಿಯ ಕಂಬಳಿಹುಳು ಆರಿಸುತ್ತ ಏನೋ ಸಣ್ಣಗೆ ಹೇಳುತ್ತಿದ್ದಳು, ನಡುವೆ ನಿಲ್ಲಿಸಿ ಉತ್ತರ ಕೇಳಿಸಿಕೊಳ್ಳುವ ಹಾಗೆ ತಲೆ ವಾಲಿಸುತ್ತಿದ್ದಳು.

"ಯಾರ ಹತ್ರ ಮಾತು?" ಎಂದು ಬೇಲಿಯಿಂದ ಕೂಗಿದೆ.

"ಯಾರೂ ಇಲ್ಲ" ಅಂದಳು. ಪಕ್ಕಕ್ಕೆ ಒಂದು ಹೆಜ್ಜೆ ಸರಿದು ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟಳು.